ಹೋಟೆಲ್ ಕೊಠಡಿಗಳಿಗೆ ತಂತಿರಹಿತ ಇಂಟರ್ನೆಟ್ ಫೋನ್: ಆಯ್ಕೆ ಮತ್ತು ಅಳವಡಿಕೆ

ಅತಿಥಿಗಳೆಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಕೊಠಡಿಯ ಫೋನಿಗೆ ಇನ್ನೂ ಹಣ ಹಾಕಬೇಕೇ ಎಂಬ ಪ್ರಶ್ನೆ ಹೋಟೆಲ್ ನಡೆಸುವವರಿಗೆ ಸಹಜವಾಗಿಯೇ ಬರುತ್ತದೆ. ಮನೆಯವರೊಡನೆ ಮಾತನಾಡಲು ಈಗ ಯಾರೂ ಅದನ್ನು ಎತ್ತುವುದಿಲ್ಲ ಎಂಬುದು ನಿಜ. ಆದರೆ ನಡುರಾತ್ರಿ ಎದೆನೋವು ಕಾಣಿಸಿಕೊಂಡಾಗ, ಸ್ನಾನಗೃಹದಲ್ಲಿ ಜಾರಿ ಬಿದ್ದಾಗ, ಹೊಗೆಯ ವಾಸನೆ ಮೂಗಿಗೆ ಬಡಿದಾಗ, ಮೊಬೈಲಿನ ಚಾರ್ಜ್ ಮುಗಿದಿರುವ ಅಥವಾ ಹೋಟೆಲಿನ ನಂಬರೇ ತಿಳಿಯದ ಅತಿಥಿಯ ಕೈ ಹೋಗುವುದು ಹಾಸಿಗೆಯ ಪಕ್ಕದ ಆ ಫೋನಿನ ಕಡೆಗೆ. ಆ ಒಂದು ಕರೆ ತಪ್ಪದೆ ಸೇರಬೇಕು ಎಂಬುದನ್ನು ಮುಂದಿಟ್ಟುಕೊಂಡೇ ಆಯ್ಕೆಯನ್ನು ಆರಂಭಿಸಬೇಕು; ಪರದೆ, ಬಣ್ಣ, ಬಟನ್‌ಗಳ ವಿಚಾರ ಆಮೇಲಿನದು.

ಮೊದಲು ಕಟ್ಟಡದಲ್ಲಿ ಈಗಾಗಲೇ ಇರುವ ತಂತಿಗಳನ್ನು ನೋಡಬೇಕು. ಪ್ರತಿ ಕೊಠಡಿಗೂ ನೆಟ್‌ವರ್ಕ್ ಕೇಬಲ್ ಬಂದಿದ್ದರೆ ಫೋನಿನ ಬೇಸನ್ನು ಅದಕ್ಕೇ ಜೋಡಿಸಿ, ಹ್ಯಾಂಡ್‌ಸೆಟ್ ಮಾತ್ರ ತಂತಿರಹಿತವಾಗಿರುವಂತೆ ಮಾಡಬಹುದು. ಹಳೆಯ ಎರಡೆಳೆಯ ಟೆಲಿಫೋನ್ ತಂತಿ ಸುಸ್ಥಿತಿಯಲ್ಲಿದ್ದರೆ, ಕೆಳಗಿನ ಉಪಕರಣಗಳ ಕೋಣೆಯಲ್ಲಿ ಗೇಟ್‌ವೇ (ಇಂಟರ್ನೆಟ್ ಕರೆಯನ್ನು ಹಳೆಯ ಟೆಲಿಫೋನ್ ತಂತಿಗೆ ಹೊಂದಿಸುವ ಉಪಕರಣ) ಇಟ್ಟು ಕೊಠಡಿಗಳಲ್ಲಿ ಸಾಮಾನ್ಯ ಕಾರ್ಡ್‌ಲೆಸ್ ಫೋನ್‌ಗಳನ್ನೇ ಬಳಸುವುದು ಅನೇಕ ಹೋಟೆಲ್‌ಗಳಿಗೆ ಸಾಕಾಗುತ್ತದೆ, ಮತ್ತು ಅದರಲ್ಲಿ ಕೆಡುವ ಭಾಗಗಳೂ ಕಡಿಮೆ. ಗೋಡೆ ಒಡೆಯಲಾಗದ ಹಳೆಯ ಕಟ್ಟಡ, ಪ್ರತ್ಯೇಕವಾಗಿ ನಿಂತ ಕುಟೀರಗಳು, ತಂತಿಗಳು ಹಾಳಾಗಿರುವ ಮಹಡಿಗಳು, ಇಂಥ ಕಡೆಗಳಲ್ಲಿ ಪೂರ್ಣ ತಂತಿರಹಿತ ವ್ಯವಸ್ಥೆಗೆ ನಿಜವಾದ ಅರ್ಥವಿದೆ.

ಡೆಕ್ಟ್ ಅಥವಾ ವೈಫೈ

ತಂತಿರಹಿತ ಇಂಟರ್ನೆಟ್ ಫೋನ್‌ಗಳಲ್ಲಿ ಎರಡು ಬಗೆಗಳಿವೆ. ಡೆಕ್ಟ್ ಫೋನ್ ಧ್ವನಿಗಾಗಿಯೇ ಮೀಸಲಾದ ತರಂಗಾಂತರದಲ್ಲಿ ತನ್ನ ಬೇಸ್‌ನೊಡನೆ ಮಾತನಾಡುತ್ತದೆ. ಇಂಟರ್ನೆಟ್ ಸಂಪರ್ಕ ಬೇಸ್‌ಗೆ ಮಾತ್ರ ಇರುತ್ತದೆ. ವೈಫೈ ಫೋನ್ ಹೋಟೆಲಿನ ಆಕ್ಸೆಸ್ ಪಾಯಿಂಟ್‌ಗಳಿಗೆ (ವೈಫೈ ಹರಡುವ ಪೆಟ್ಟಿಗೆಗಳಿಗೆ) ನೇರವಾಗಿ ಸೇರುತ್ತದೆ, ಹಾಗಾಗಿ ಅತಿಥಿಗಳ ಲ್ಯಾಪ್‌ಟಾಪ್, ಟೀವಿ, ಮೊಬೈಲ್‌ಗಳೆಲ್ಲ ನುಗ್ಗುವ ಗಾಳಿಯಲ್ಲೇ ಅದೂ ಜಾಗ ಹುಡುಕಿಕೊಳ್ಳಬೇಕು. ಹ್ಯಾಂಡ್‌ಸೆಟ್ ಕೈಯಲ್ಲಿ ಹಿಡಿದು ಓಡಾಡುವಂಥದ್ದಾದರೆ ನನ್ನ ಒಲವು ಡೆಕ್ಟ್ ಕಡೆಗೆ: ಬ್ಯಾಟರಿ ಹೆಚ್ಚು ಕಾಲ ಬರುತ್ತದೆ, ವೈಫೈ ದಟ್ಟಣೆ ಅದನ್ನು ಮುಟ್ಟುವುದಿಲ್ಲ. ಆಕ್ಸೆಸ್ ಪಾಯಿಂಟ್‌ಗಳು ಕೊಠಡಿಗಳ ಒಳಗೇ ಇದ್ದು, ಮೇಜಿನ ಮೇಲೆ ಕೂರುವ, ವಿದ್ಯುತ್ ತಂತಿಯಿರುವ ಫೋನ್ ಸಾಕೆಂದಾದರೆ ವೈಫೈ ಸರಿಯಾದ ಆಯ್ಕೆ.

ಡೆಕ್ಟ್ ಕೊಳ್ಳುವವರು ಎರಡು ವಿಷಯಗಳನ್ನು ಮೊದಲೇ ತಿಳಿದಿರಬೇಕು. ಯುರೋಪಿನ ಉಪಕರಣಗಳು 1880ರಿಂದ 1900 ಮೆಗಾಹರ್ಟ್ಸ್‌ನಲ್ಲೂ ಅಮೆರಿಕದವು 1920ರಿಂದ 1930 ಮೆಗಾಹರ್ಟ್ಸ್‌ನಲ್ಲೂ ಕೆಲಸ ಮಾಡುತ್ತವೆ. ನಿಮ್ಮ ದೇಶದಲ್ಲಿ ಅನುಮತಿಯಿರುವ ತರಂಗಾಂತರದ್ದನ್ನೇ ಕೊಳ್ಳಬೇಕು, ಏಕೆಂದರೆ ಒಂದರ ಬದಲು ಇನ್ನೊಂದನ್ನು ಬಳಸುವಂತಿಲ್ಲ. ಎರಡನೆಯದು, ಪ್ರತಿ ಕೊಠಡಿಗೂ ಒಂದೊಂದು ಬೇಸ್ ಇಡುವ ಯೋಜನೆಯ ಮಿತಿ. ಯುರೋಪಿನ ಪದ್ಧತಿಯಲ್ಲಿ 10 ವಾಹಕ ತರಂಗಗಳು, ಪ್ರತಿಯೊಂದರಲ್ಲೂ 12 ಜೋಡಿ ಸಮಯದ ತುಣುಕುಗಳು, ಒಟ್ಟು 120 ದಾರಿಗಳಿರುತ್ತವೆ. ಯಾರೂ ಮಾತನಾಡದಿರುವಾಗಲೂ ಪ್ರತಿ ಬೇಸ್ ತಾನಿರುವುದನ್ನು ಸಾರುತ್ತಾ ಒಂದು ತುಣುಕನ್ನು ಹಿಡಿದುಕೊಂಡಿರುತ್ತದೆ. ತೆಳು ಗೋಡೆಗಳ, ಕೊಠಡಿಗೆ ಕೊಠಡಿ ಅಂಟಿಕೊಂಡಿರುವ ದೊಡ್ಡ ಕಟ್ಟಡದಲ್ಲಿ ಈ ದಾರಿಗಳು ಬೇಗ ತುಂಬುತ್ತವೆ. ಅಲ್ಲಿ ಮಹಡಿಗೆ ಕೆಲವೇ ಬೇಸ್‌ಗಳನ್ನಿಟ್ಟು ಅನೇಕ ಹ್ಯಾಂಡ್‌ಸೆಟ್‌ಗಳನ್ನು ಹಂಚಿಕೊಡುವ ಬಹುಕೋಶ ವ್ಯವಸ್ಥೆ ಮೇಲು. ಒಂದು ಬೇಸ್ ಏಕಕಾಲಕ್ಕೆ ಎಷ್ಟು ಕರೆಗಳನ್ನು ಹೊರುತ್ತದೆ ಎಂಬುದನ್ನು ತಯಾರಕರ ದಾಖಲೆಯಲ್ಲಿ ನೋಡಿಕೊಳ್ಳಿ.

ಜಾಲವನ್ನು ಸಿದ್ಧಪಡಿಸುವುದು

ವೈಫೈ ಫೋನ್ ಹಾಕಿದ ಹೋಟೆಲ್‌ಗಳಲ್ಲಿ ಬರುವ ದೂರುಗಳಲ್ಲಿ ಅನೇಕವು ಆಕ್ಸೆಸ್ ಪಾಯಿಂಟ್ ಇಟ್ಟ ಜಾಗದಿಂದಲೇ ಹುಟ್ಟುತ್ತವೆ. ಸುಲಭವೆಂದು ಅವುಗಳನ್ನು ಕಾರಿಡಾರಿನ ಉದ್ದಕ್ಕೂ ಸಾಲಾಗಿ ಹಾಕಿದರೆ, ಅವು ಒಂದನ್ನೊಂದು ಚೆನ್ನಾಗಿ ಕೇಳಿಸಿಕೊಂಡು ಪರಸ್ಪರ ಅಡ್ಡಬರುತ್ತವೆ. ಕೊಠಡಿಯೊಳಗೆ ಮಾತ್ರ ಬೆಂಕಿ ತಡೆಯುವ ಬಾಗಿಲು, ಸ್ನಾನಗೃಹದ ಟೈಲ್ಸ್, ದೊಡ್ಡ ಕನ್ನಡಿ ಇವೆಲ್ಲವನ್ನೂ ದಾಟಿ ಬಂದ ಸಂಕೇತ ಸೊರಗಿರುತ್ತದೆ. ಸಾಧ್ಯವಾದಲ್ಲೆಲ್ಲ ಕೊಠಡಿಯೊಳಗೇ ಇಡಿ. ಬಾಗಿಲು ಮುಚ್ಚಿ, ಹಾಸಿಗೆಯ ಪಕ್ಕದಲ್ಲಿ ಮತ್ತು ಸ್ನಾನಗೃಹದಲ್ಲಿ, ಕೊಳ್ಳಬೇಕೆಂದಿರುವ ಫೋನಿನಿಂದಲೇ ಅಳೆದಾಗ ಸಂಕೇತ ಮೈನಸ್ 67 ಡಿಬಿಎಂಗಿಂತ ಕೆಳಗಿಳಿಯಬಾರದು (ಡಿಬಿಎಂ ಸಂಕೇತದ ಬಲದ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು). ಫೋನ್‌ಗಳನ್ನು 5 ಗಿಗಾಹರ್ಟ್ಸ್‌ನಲ್ಲಿರಿಸಿ, ರೇಡಾರ್ ಸಂಕೇತ ಕಂಡರೆ ಖಾಲಿ ಮಾಡಬೇಕಾದ ಚಾನೆಲ್‌ಗಳನ್ನು ಧ್ವನಿಗೆ ಆದಷ್ಟು ಬಳಸಬೇಡಿ. 2.4 ಗಿಗಾಹರ್ಟ್ಸ್ ಅನಿವಾರ್ಯವಾದರೆ ಒಂದರ ಮೇಲೊಂದು ಬೀಳದ 1, 6, 11 ಚಾನೆಲ್‌ಗಳಿಗೇ ಸೀಮಿತವಾಗಿರಿ.

ಅತಿಥಿಗಳ ವೈಫೈಗೆ ಫೋನನ್ನು ಎಂದೂ ಸೇರಿಸಬಾರದು. ಅಲ್ಲಿ ಮೊದಲು ಎದುರಾಗುವ ಲಾಗಿನ್ ಪುಟವನ್ನು ಫೋನ್ ದಾಟಲಾರದು. ದಾಟಿಸಿದರೂ ಅಪರಿಚಿತರ ಉಪಕರಣಗಳ ನಡುವೆ ಅದನ್ನು ಬಿಟ್ಟಂತಾಗುತ್ತದೆ. ಧ್ವನಿಗೆ ಪ್ರತ್ಯೇಕ ವೈಫೈ ಹೆಸರು, ಪ್ರತ್ಯೇಕ ವಿಲ್ಯಾನ್ (ಅದೇ ಜಾಲದೊಳಗೆ ಬೇರ್ಪಡಿಸಿದ ಭಾಗ), ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ರಕ್ಷಣೆ ಇರಲಿ. ಧ್ವನಿಯ ಪ್ಯಾಕೆಟ್‌ಗಳಿಗೆ (ಜಾಲದಲ್ಲಿ ಸಾಗುವ ಧ್ವನಿಯ ತುಣುಕುಗಳಿಗೆ) ಡಿಎಸ್‌ಸಿಪಿ 46 ಎಂಬ ಆದ್ಯತೆಯ ಗುರುತು ಹಾಕಿಸಿ, ಆಕ್ಸೆಸ್ ಪಾಯಿಂಟ್, ಸ್ವಿಚ್, ರೌಟರ್ ಮೂರೂ ಆ ಗುರುತಿಗೆ ಆದ್ಯತೆ ಕೊಡುತ್ತವೆಯೇ ಎಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ನಡುವೆ ಒಂದು ಉಪಕರಣ ಗುರುತನ್ನು ಅಳಿಸಿದರೂ ಮುಂದಿನ ಶ್ರಮವೆಲ್ಲ ವ್ಯರ್ಥ. ರೌಟರ್‌ನಲ್ಲಿರುವ ಸಿಪ್ ಎಎಲ್‌ಜಿ ಎಂಬ, ಇಂಟರ್ನೆಟ್ ಕರೆಯ ಸಂದೇಶಗಳನ್ನು ನಡುವೆ ತಿದ್ದುವ ಸೌಲಭ್ಯ ಒಂದು ಕಡೆಯ ಧ್ವನಿ ಮಾತ್ರ ಕೇಳಿಸುವಂಥ ತೊಂದರೆ ತರುವುದುಂಟು. ಸೇವೆ ಕೊಡುವವರು ಬೇಕೇಬೇಕು ಎನ್ನದಿದ್ದರೆ ಅದನ್ನು ಆಫ್ ಮಾಡಿಡಿ.

ಬ್ಯಾಂಡ್‌ವಿಡ್ತ್ ಬಗ್ಗೆ ಅನಗತ್ಯ ಭಯ ಬೇಡ. ಜಿ.711 ಎಂಬ ಕೋಡೆಕ್‌ನ (ಧ್ವನಿಯನ್ನು ಅಂಕಿಗಳಾಗಿ ಬದಲಿಸುವ ವಿಧಾನದ) ಒಂದು ಕರೆಗೆ ಪ್ಯಾಕೆಟ್‌ಗಳ ಹೊರಹೊದಿಕೆಯೂ ಸೇರಿ ಪ್ರತಿ ದಿಕ್ಕಿಗೆ ಸೆಕೆಂಡಿಗೆ ಸುಮಾರು 87 ಕಿಲೋಬಿಟ್ ಸಾಕು. ಹತ್ತು ಕರೆಗಳು ಒಟ್ಟಿಗೆ ನಡೆದರೂ ಒಂದು ಮೆಗಾಬಿಟ್ ತುಂಬುವುದಿಲ್ಲ. ಕಾಡುವುದು ವಿಳಂಬ ಮತ್ತು ಆ ವಿಳಂಬದ ಏರುಪೇರು. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗೆ, ಪ್ಯಾಕೆಟ್ ನಷ್ಟ ಶೇಕಡಾ 1ಕ್ಕಿಂತ ಕಡಿಮೆ ಇರಬೇಕು. ಕೊಠಡಿ ಬಿಟ್ಟು ಕದಲದ ಫೋನಿಗೆ ವೇಗದ ರೋಮಿಂಗ್ (ಒಂದು ಆಕ್ಸೆಸ್ ಪಾಯಿಂಟ್‌ನಿಂದ ಇನ್ನೊಂದಕ್ಕೆ ಬೇಗ ದಾಟುವ) ಸೌಲಭ್ಯಗಳ ಅಗತ್ಯವಿಲ್ಲ. ಸಿಬ್ಬಂದಿಯ ಕೈಯ ಫೋನ್‌ಗಳಿಗೆ ಮಾತ್ರ ಅವು ಬೇಕು.

ನಂಬರ್‌ಗಳು ಮತ್ತು ತುರ್ತು ಕರೆ

ಕೊಠಡಿಯ ಸಂಖ್ಯೆಯನ್ನೇ ಎಕ್ಸ್‌ಟೆನ್ಶನ್ (ಒಳಕರೆಯ ನಂಬರ್) ಮಾಡುವುದು ಅತಿಥಿಗೆ ಅನುಕೂಲ, ಆದರೆ ಮೊದಲ ಮಹಡಿಯ 112, ಒಂಬತ್ತನೆಯ ಮಹಡಿಯ 911 ಇವು ತುರ್ತು ಸಂಖ್ಯೆಗಳೂ ಹೌದು. ಕೊಠಡಿ ಸಂಖ್ಯೆಯ ಆರಂಭದಲ್ಲಿ ಒಂದು ಅಂಕಿ ಸೇರಿಸಿ 7112 ಎಂಬಂತೆ ಮಾಡಿದರೆ ಈ ಗೊಂದಲ ತಪ್ಪುತ್ತದೆ. ತುರ್ತು ಸಂಖ್ಯೆಗೆ ಮೊದಲು ಹೊರಕರೆಯ ಅಂಕಿ ಒತ್ತುವ ಅಗತ್ಯ ಯಾವ ಕಾರಣಕ್ಕೂ ಇರಕೂಡದು. ಅಮೆರಿಕದ ಟೆಕ್ಸಸ್ ರಾಜ್ಯದ ಮಾರ್ಷಲ್ ಪಟ್ಟಣದಲ್ಲಿ 2013ರ ಡಿಸೆಂಬರಿನಲ್ಲಿ ಕ್ಯಾರಿ ಹಂಟ್ ಎಂಬ ಮಹಿಳೆ ಹೋಟೆಲ್ ಕೊಠಡಿಯಲ್ಲಿ ಕೊಲೆಯಾದಾಗ, ಜೊತೆಗಿದ್ದ ಅವರ 9 ವರ್ಷದ ಮಗಳು 911ಕ್ಕೆ ಮತ್ತೆ ಮತ್ತೆ ಕರೆ ಮಾಡಿದಳು. ಮೊದಲು 9 ಒತ್ತಬೇಕೆಂಬುದು ಮಗುವಿಗೆ ತಿಳಿದಿರಲಿಲ್ಲ, ಕರೆ ಹೋಗಲೇ ಇಲ್ಲ. ಕ್ಯಾರಿ ಹಂಟ್ ಹೆಸರಿನ ಕಾಯ್ದೆ ಅಮೆರಿಕದಲ್ಲಿ 2020ರ ಫೆಬ್ರುವರಿಯಿಂದ ಜಾರಿಯಲ್ಲಿದ್ದು, ತುರ್ತು ಕರೆ ನೇರವಾಗಿ ಹೋಗಬೇಕು, ಅದೇ ಹೊತ್ತಿಗೆ ಹೋಟೆಲಿನ ಸಿಬ್ಬಂದಿಗೂ ಸೂಚನೆ ತಲುಪಬೇಕು ಎನ್ನುತ್ತದೆ. ಕಾಯ್ದೆ ಇಲ್ಲದ ದೇಶದಲ್ಲೂ ಹೀಗೆಯೇ ಮಾಡುವುದು ನಮ್ಮ ಹೊಣೆ. ಸೂಚನೆಯಲ್ಲಿ ಕೊಠಡಿ ಸಂಖ್ಯೆ ಕಾಣಬೇಕು. ಹ್ಯಾಂಡ್‌ಸೆಟ್‌ಗಳು ಅದಲುಬದಲಾದರೆ ನೆರವು ಬೇರೆ ಬಾಗಿಲಿಗೆ ಹೋದೀತು, ಆದ್ದರಿಂದ ಪ್ರತಿ ಹ್ಯಾಂಡ್‌ಸೆಟ್‌ಗೂ ಬೇಸ್‌ಗೂ ಕೊಠಡಿ ಸಂಖ್ಯೆಯ ಚೀಟಿ ಅಂಟಿಸಿ.

ಕರೆಗಳನ್ನು ನಿರ್ವಹಿಸುವ ಸರ್ವರ್ ಕ್ಲೌಡ್‌ನಲ್ಲಿದ್ದರೆ, ಹೊರಗಿನ ಇಂಟರ್ನೆಟ್ ಕಡಿದಾಗ ಅತಿಥಿಯಿಂದ ರಿಸೆಪ್ಶನ್‌ಗೆ ಹೋಗುವ ಕರೆಯೂ ನಿಲ್ಲಬಹುದು. ಸ್ಥಳೀಯವಾಗಿ ಕರೆ ಮುಂದುವರಿಸುವ ಉಪಕರಣವನ್ನು ಇಡದ ಕ್ಲೌಡ್ ಸೇವೆಯನ್ನು ಹೋಟೆಲ್‌ಗೆ ನಾನು ಸೂಚಿಸುವುದಿಲ್ಲ. ಸರ್ವರ್, ಸ್ವಿಚ್, ಆಕ್ಸೆಸ್ ಪಾಯಿಂಟ್, ಬೇಸ್ ಎಲ್ಲವೂ ಯುಪಿಎಸ್ ಮೇಲಿರಬೇಕು. ಸ್ವಿಚ್‌ನಿಂದಲೇ ಕೇಬಲ್ ಮೂಲಕ ವಿದ್ಯುತ್ ಪಡೆಯುವ ಉಪಕರಣಗಳನ್ನು ಆರಿಸಿದರೆ ಒಂದೇ ಯುಪಿಎಸ್‌ನಿಂದ ಇಡೀ ಮಹಡಿಯನ್ನು ಕಾಯಬಹುದು.

ಹ್ಯಾಂಡ್‌ಸೆಟ್‌ನಲ್ಲಿ ನೋಡಬೇಕಾದದ್ದು ಕಡಿಮೆ: ಬದಲಿಸಬಹುದಾದ ಬ್ಯಾಟರಿ, ಸೋಂಕುನಿವಾರಕದಿಂದ ಒರೆಸಿದರೂ ಹಾಳಾಗದ ಮೈ, ಶ್ರವಣಸಾಧನಕ್ಕೆ ಹೊಂದುವ ಧ್ವನಿ, ಕತ್ತಲಲ್ಲಿ ಕಾಣುವ ಅಂಕಿಗಳು, ರಿಸೆಪ್ಶನ್‌ಗೆ ಒಂದೇ ಒತ್ತಿನ ಬಟನ್, ಕಳೆದಾಗ ಕೂಗಿಸುವ ಬಟನ್ ಬೇಸ್ ಮೇಲೆ. ಹ್ಯಾಂಡ್‌ಸೆಟ್ ಚಾರ್ಜ್ ಇಲ್ಲದೆ ಹಾಸಿಗೆಯಡಿ ಬಿದ್ದಿರಬಹುದೆಂಬ ಕಾರಣಕ್ಕೆ, ಬೇಸ್ ಮೇಲೂ ಸ್ಪೀಕರ್ ಮತ್ತು ಬಟನ್ ಇರುವ ಮಾದರಿಗೆ ಹೆಚ್ಚು ಕೊಟ್ಟರೂ ತಪ್ಪಿಲ್ಲ.

ಫೋನ್‌ಗಳನ್ನು ಒಂದೊಂದಾಗಿ ಕೈಯಲ್ಲಿ ಹೊಂದಿಸದೆ, ಮ್ಯಾಕ್ ವಿಳಾಸಗಳ (ಪ್ರತಿ ಉಪಕರಣದ ಗುರುತಿನ ಸಂಖ್ಯೆಗಳ) ಪಟ್ಟಿ ಮಾಡಿ ಸರ್ವರ್‌ನಿಂದಲೇ ಎಚ್‌ಟಿಟಿಪಿಎಸ್ ಎಂಬ ಸುರಕ್ಷಿತ ಸಂಪರ್ಕದ ಮೂಲಕ ಸೆಟ್ಟಿಂಗ್ ಇಳಿಯುವಂತೆ ಮಾಡಿ. ಕಾರ್ಖಾನೆಯ ಪಾಸ್‌ವರ್ಡ್ ಬದಲಿಸಿ, ಪ್ರತಿ ಎಕ್ಸ್‌ಟೆನ್ಶನ್‌ಗೂ ಬೇರೆಯದೇ ಉದ್ದನೆಯ ಪಾಸ್‌ವರ್ಡ್ ಕೊಡಿ, ಅತಿಥಿಗೆ ಸೆಟ್ಟಿಂಗ್ ಮೆನು ತೆರೆಯದಂತೆ ಮುಚ್ಚಿ. ಕದ್ದ ಪಾಸ್‌ವರ್ಡ್‌ನಿಂದ ರಾತ್ರೋರಾತ್ರಿ ವಿದೇಶಗಳಿಗೆ ಕರೆ ಮಾಡಿ ಬಿಲ್ ಏರಿಸುವ ವಂಚನೆ ಸಾಮಾನ್ಯವಾದ್ದರಿಂದ ಅಂತರರಾಷ್ಟ್ರೀಯ ಕರೆ ಮೂಲತಃ ಮುಚ್ಚಿರಲಿ, ಅತಿಥಿ ಕೇಳಿದಾಗ ಮಾತ್ರ ತೆರೆಯಲಿ. ಹೋಟೆಲಿನ ಬುಕಿಂಗ್ ತಂತ್ರಾಂಶಕ್ಕೆ ಫೋನ್ ವ್ಯವಸ್ಥೆಯನ್ನು ಜೋಡಿಸಿದರೆ, ಅತಿಥಿ ಕೊಠಡಿ ಬಿಟ್ಟ ಕೂಡಲೇ ಈ ಅನುಮತಿ, ಧ್ವನಿ ಸಂದೇಶಗಳು, ಎಬ್ಬಿಸುವ ಕರೆಯ ಸಮಯ ಎಲ್ಲವೂ ತಾನಾಗಿ ಅಳಿಯುವಂತೆ ಮಾಡಬಹುದು.

ಇಡೀ ಕಟ್ಟಡಕ್ಕೆ ಕೊಳ್ಳುವ ಮೊದಲು ಒಂದು ಮಹಡಿಯಲ್ಲಿ ಅಳವಡಿಸಿ, ಕೊಠಡಿಗಳು ತುಂಬಿದ ರಾತ್ರಿಗಳಲ್ಲಿ, ಎಲ್ಲರೂ ವಿಡಿಯೋ ನೋಡುವ ಹೊತ್ತಿನಲ್ಲಿ ಕರೆ ಮಾಡಿ ಪರೀಕ್ಷಿಸಿ. ಮುಖ್ಯ ವಿದ್ಯುತ್ತನ್ನು ಆಫ್ ಮಾಡಿ ಒಮ್ಮೆ, ಹೊರಗಿನ ಇಂಟರ್ನೆಟ್ ಕಿತ್ತು ಇನ್ನೊಮ್ಮೆ ರಿಸೆಪ್ಶನ್‌ಗೆ ಕರೆ ಮಾಡಿ ನೋಡಿ. ತುರ್ತು ಸೇವೆಯವರಿಗೆ ಮೊದಲೇ ತಿಳಿಸಿ, ಅವರು ಒಪ್ಪಿದ ಸಮಯದಲ್ಲಿ ಆ ಕರೆಯನ್ನೂ ಪರೀಕ್ಷಿಸಿ. ಆಮೇಲೆ, ಕೊಠಡಿ ಸ್ವಚ್ಛಗೊಳಿಸುವ ಸಿಬ್ಬಂದಿ ಪ್ರತಿ ಬಾರಿಯೂ ಹ್ಯಾಂಡ್‌ಸೆಟ್ ಎತ್ತಿ ಡಯಲ್ ಟೋನ್ ಕೇಳಿ, ಚಾರ್ಜ್ ನೋಡಿ, ಮತ್ತೆ ಬೇಸ್ ಮೇಲೆ ಇಡುವುದನ್ನು ಅವರ ಕೆಲಸದ ಪಟ್ಟಿಯಲ್ಲೇ ಸೇರಿಸಿ.