ಫೆಲ್ಟ್ ಚೂರುಗಳಿಂದ ಮಕ್ಕಳೊಡನೆ ಚಿತ್ರ ಮಾಡುವುದು

ಶಾಲೆಯ ಪ್ರಾಜೆಕ್ಟಿಗೆಂದು ಸ್ಟೇಷನರಿ ಅಂಗಡಿಯಿಂದ ತಂದ ಫೆಲ್ಟ್ ಹಾಳೆಯಲ್ಲಿ ಒಂದು ಹೂವನ್ನೋ ನಕ್ಷತ್ರವನ್ನೋ ಕತ್ತರಿಸಿಕೊಂಡ ಮೇಲೆ ಉಳಿಯುವ ಅಂಕುಡೊಂಕು ಚೂರುಗಳನ್ನು ಎಸೆಯದೆ ಡಬ್ಬಿಯಲ್ಲಿ ಕೂಡಿಡುತ್ತ ಬಂದರೆ, ಮಕ್ಕಳೊಡನೆ ಒಂದು ಮಧ್ಯಾಹ್ನ ಕುಳಿತು ಚಿತ್ರ ಮಾಡುವಷ್ಟು ಸಾಮಗ್ರಿ ಖರ್ಚಿಲ್ಲದೆ ಒದಗುತ್ತದೆ. ಫೆಲ್ಟ್ ನೇಯ್ದ ಬಟ್ಟೆಯಲ್ಲ. ಎಳೆಗಳನ್ನು ಒತ್ತಿ, ಒಂದಕ್ಕೊಂದು ಸಿಕ್ಕಿಕೊಳ್ಳುವಂತೆ ಮಾಡಿ ತಯಾರಿಸಿದ್ದು. ಅದಕ್ಕೆ ಹಾಸು-ಹೊಕ್ಕು ಇಲ್ಲದಿರುವುದರಿಂದ ಎಲ್ಲಿ ಕತ್ತರಿಸಿದರೂ ಅಂಚಿನಿಂದ ನೂಲು ಬಿಚ್ಚಿಕೊಳ್ಳುವುದಿಲ್ಲ. ದರ್ಜಿಯ ಅಂಗಡಿಯ ಹತ್ತಿ ಚೂರುಗಳಿಗೆ ಈ ಗುಣವಿಲ್ಲ. (ನಮ್ಮ ಕುರುಬರ ಕಂಬಳಿಯೂ ದಪ್ಪಗಿರುತ್ತದೆ, ಆದರೆ ಅದು ಮಗ್ಗದ ಮೇಲೆ ನೇಯ್ದದ್ದು, ಕಾಶ್ಮೀರದ ನಮ್ದಾ ಎಂಬ ಉಣ್ಣೆಯ ನೆಲಹಾಸಾದರೋ ನಿಜವಾದ ಫೆಲ್ಟ್.)

ಫೆಲ್ಟಿನ ಇನ್ನೊಂದು ಗುಣವನ್ನು ನಾವು ಸಾಮಾನ್ಯವಾಗಿ ಬಳಸಿಕೊಳ್ಳುವುದೇ ಇಲ್ಲ. ಅದರ ಮೇಲ್ಮೈಯ ನವಿರು ಎಳೆಗಳು ಇನ್ನೊಂದು ಫೆಲ್ಟ್ ತುಂಡನ್ನು ಹಿಡಿದುಕೊಳ್ಳುತ್ತವೆ. ಶಿಕ್ಷಕರು ಪಾಠಕ್ಕೆ ಬಳಸುತ್ತಿದ್ದ, ನವಿರು ಬಟ್ಟೆ ಹೊದಿಸಿದ ಫ್ಲಾನೆಲ್ ಬೋರ್ಡ್ ಕೆಲಸ ಮಾಡುತ್ತಿದ್ದುದೂ ಹೀಗೆಯೇ. ಆದ್ದರಿಂದ ಹಳೆಯ ರಟ್ಟಿನ ಪೆಟ್ಟಿಗೆಯಿಂದ ಸುಮಾರು 30 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ಹಲಗೆಯೊಂದನ್ನು ಕತ್ತರಿಸಿ, ಅದರ ಮೇಲೆ ತಿಳಿ ಬಣ್ಣದ ಇಡೀ ಫೆಲ್ಟ್ ಹಾಳೆಯನ್ನು ಅಂಟಿಸಿ, ಒಣಗಿದ ನಂತರ ಗೋಡೆಗೆ ತುಸು ಓರೆಯಾಗಿ ಒರಗಿಸಿಡಿ. ಚೂರುಗಳನ್ನು ಅದರ ಮೇಲಿಟ್ಟು ಅಂಗೈಯಿಂದ ಒತ್ತಿದರೆ ಅಂಟಿಲ್ಲದೆಯೇ ನಿಲ್ಲುತ್ತವೆ, ಬೇಡವೆನಿಸಿದಾಗ ಕಿತ್ತು ಬೇರೆಡೆ ಇಡಬಹುದು. ನನ್ನ ಮಟ್ಟಿಗೆ ಈ ಕೆಲಸದ ಮುಕ್ಕಾಲು ಭಾಗ ನಡೆಯಬೇಕಾದದ್ದು ಇಲ್ಲಿಯೇ. ಮೊದಲ ಹತ್ತು ನಿಮಿಷದಲ್ಲೇ ಅಂಟಿನ ಬಾಟಲಿ ಕೈಗೆ ಬಂದರೆ ಮಗು ಮೊದಲು ಹೊಳೆದದ್ದಕ್ಕೇ ಕಟ್ಟುಬೀಳುತ್ತದೆ.

ಏನು ಮಾಡಬೇಕೆಂದು ಮೊದಲೇ ಹೇಳಿಕೊಡುವ ಬದಲು ಚೂರುಗಳನ್ನು ಚಾಪೆಯ ಮೇಲೆ ಸುರಿದು, ಒಂದೊಂದನ್ನೇ ತಿರುಗಿಸಿ ನೋಡಲು ಬಿಡಿ. ಹೂವಿನ ಎಸಳುಗಳ ನಡುವಿನಿಂದ ಕತ್ತರಿಸಿಬಿದ್ದ ಕೆಂಪು ಮೊನೆಗಳು ಹುಂಜದ ಜುಟ್ಟಾಗುತ್ತವೆ. ಉದ್ದನೆಯ ಪಟ್ಟಿಗಳನ್ನು ಒಟ್ಟಿಗೆ ಬಾಗಿಸಿಟ್ಟರೆ ಅದರ ಬಾಲ. ವೃತ್ತವನ್ನು ಕತ್ತರಿಸಿ ತೆಗೆದ ನೀಲಿ ಹಾಳೆಯ ತೂತಿನ ಹಿಂದೆ ಹಳದಿ ಚೂರೊಂದನ್ನಿಟ್ಟರೆ ಇರುಳಿನ ಆಕಾಶದಲ್ಲಿ ಚಂದ್ರ ಮೂಡುತ್ತಾನೆ. ಹುಂಜಕ್ಕೆ ಮೂರು ಕಾಲಾದರೆ ದಯವಿಟ್ಟು ತಿದ್ದಬೇಡಿ.

ಕತ್ತರಿಯ ವಿಷಯದಲ್ಲಿ ಮಾತ್ರ ಹಿರಿಯರು ಪಕ್ಕದಲ್ಲಿರಬೇಕು. ಕಾಗದಕ್ಕೆಂದು ಮಾಡಿದ ಮಕ್ಕಳ ಮೊಂಡು ಕತ್ತರಿಯ ಅಲಗುಗಳ ನಡುವೆ ಫೆಲ್ಟ್ ಮಡಚಿಕೊಳ್ಳುತ್ತದೆ, ಮಗು ಕೈಸೋತು ಕೆಲಸವನ್ನೇ ಬಿಟ್ಟುಬಿಡುತ್ತದೆ. ಮೂರು-ನಾಲ್ಕು ವರ್ಷದವರು ಜೋಡಿಸುವುದಷ್ಟನ್ನೇ ಮಾಡಲಿ, ಕತ್ತರಿಸುವುದನ್ನು ನೀವು ಮಾಡಿ. ಆರೇಳು ವರ್ಷದವರಿಗೆ ಹರಿತವಾದ ಸಣ್ಣ ಕತ್ತರಿಯನ್ನು ನಿಮ್ಮ ಎದುರಿನಲ್ಲಿ ಕೊಡಬಹುದು. ಆಕಾರವನ್ನು ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಬರೆದುಕೊಂಡರೆ ಗುರುತು ಕಾಣುವುದಿಲ್ಲ, ಆದರೆ ಎಡಕ್ಕೆ ನೋಡುವ ಹುಂಜ ತಿರುಗಿಸಿದಾಗ ಬಲಕ್ಕೆ ನೋಡುತ್ತದೆ ಎಂಬುದು ನೆನಪಿರಲಿ. ಗಾಢ ಬಣ್ಣದ ತುಂಡಿಗೆ ಸೀಮೆಸುಣ್ಣ ಸಾಕು. ಕಣ್ಣಿಗೆಂದು ಗುಂಡಿ, ಮಣಿಗಳನ್ನು ಬಳಸುವುದು ಚೆಂದವೇ ಆದರೂ ಎಲ್ಲವನ್ನೂ ಬಾಯಿಗೆ ಹಾಕಿಕೊಳ್ಳುವ ಮಗು ಮನೆಯಲ್ಲಿದ್ದರೆ ಅವು ಬೇಡ, ಕಪ್ಪು ಫೆಲ್ಟಿನ ಚುಕ್ಕೆಯೇ ಇರಲಿ.

ಚಿತ್ರ ಮಗುವಿಗೆ ಒಪ್ಪಿಗೆಯಾದ ಮೇಲೆ ಅದರ ಫೋಟೊ ತೆಗೆದುಕೊಳ್ಳಿ, ಏಕೆಂದರೆ ಅಂಟಿಸಲು ಚೂರುಗಳನ್ನು ಎತ್ತಿದೊಡನೆ ಯಾವುದು ಎಲ್ಲಿತ್ತೆಂಬುದು ಮರೆತುಹೋಗುತ್ತದೆ. ಹಲಗೆಯನ್ನು ಮೇಜಿನ ಮೇಲೆ ಮಲಗಿಸಿ, ಹಿನ್ನೆಲೆಯ ದೊಡ್ಡ ತುಂಡುಗಳಿಂದ ಆರಂಭಿಸಿ ಮೇಲಿನ ಸಣ್ಣವುಗಳತ್ತ ಬನ್ನಿ. ಫೆವಿಕಾಲನ್ನು ತಟ್ಟೆಗೆ ಸುರಿದುಕೊಂಡು, ಬೆಂಕಿಕಡ್ಡಿಯ ಮದ್ದಿಲ್ಲದ ತುದಿಯಿಂದ ಚೂರಿನ ಅಂಚಿಗೆ ತೆಳುವಾಗಿ ಹಚ್ಚಬೇಕು. ಹೆಚ್ಚಾದರೆ ಅಂಟು ಫೆಲ್ಟನ್ನು ತೋಯಿಸಿ ಮೇಲಕ್ಕೆ ಬರುತ್ತದೆ, ಒಣಗಿದ ಮೇಲೆ ಅಲ್ಲಿ ಗಟ್ಟಿಯಾದ ಹೊಳಪು ಕಲೆ ಉಳಿಯುತ್ತದೆ. ಎಂಟು ವರ್ಷ ದಾಟಿದವರು ಅಂಟಿನ ಬದಲು ಬೇರೆ ಬಣ್ಣದ ದಾರದಲ್ಲಿ ರನ್ನಿಂಗ್ ಹೊಲಿಗೆ ಹಾಕಬಹುದು. ಆಗ ರಟ್ಟನ್ನು ಬಿಟ್ಟು ಬರೀ ಫೆಲ್ಟ್ ಹಾಳೆಯ ಮೇಲೆಯೇ ಹೊಲಿಯುವುದು ಸುಲಭ.

ಅಂಟಿಸಿದ ಚಿತ್ರದ ಮೇಲೆ ಪ್ಲಾಸ್ಟಿಕ್ ಹಾಳೆ ಹರಡಿ, ದಪ್ಪ ಪುಸ್ತಕಗಳನ್ನು ಹೇರಿ ರಾತ್ರಿಯಿಡೀ ಬಿಡಿ. ಸುಕ್ಕು ಕಂಡರೂ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ನೇರವಾಗಿ ಇಡಬಾರದು: ಅಗ್ಗದ ಫೆಲ್ಟ್ ಹೆಚ್ಚಾಗಿ ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್ ಆಗಿರುವುದರಿಂದ ಕರಗಿ ಅಂಟಿಕೊಳ್ಳುತ್ತದೆ.