ಹಳೆಯ ಅಲ್ಟ್ರಾಸೌಂಡ್ ಯಂತ್ರದಲ್ಲೇ ಮೂರು ಆಯಾಮದ ಸ್ಕ್ಯಾನಿಂಗ್: ನನ್ನ ಅನುಭವ

ಮೂರು ಮಳೆಗಾಲದ ಹಿಂದಿನ ಮಾತು. ರಿಪ್ಪನ್‌ಪೇಟೆ ಕಡೆಯ ಅಮ್ಮ ಒಬ್ಬರು ಮಗನ ಜೊತೆ ಬಂದು ಪ್ಲಾಸ್ಟಿಕ್ ಕವರಿನಿಂದ ಮೂರು ರಿಪೋರ್ಟು ತೆಗೆದು ನನ್ನ ಮೇಜಿನ ಮೇಲಿಟ್ಟರು. ಒಂದೇ ಥೈರಾಯ್ಡ್, ಒಂದು ವರ್ಷದೊಳಗೆ ಮೂರು ಕಡೆ ಅಳತೆ: 28 ಮಿಲಿಲೀಟರು, 36, 44. ನಡುವಿನದು ನಾನೇ ಬರೆದದ್ದು. ಮಗ ಕೇಳಿದ: "ಡಾಕ್ಟರೇ, ಗಂಟು ಬೆಳೆಯುತ್ತಿದೆಯೋ ಇಲ್ಲವೋ, ಅಷ್ಟು ಹೇಳಿದರೆ ಸಾಕು." ನನಗೆ ಹೇಳಲಾಗಲಿಲ್ಲ. ಉದ್ದ, ಅಗಲ, ದಪ್ಪ ಗುಣಿಸಿ 0.52ರಿಂದ ಮತ್ತೆ ಗುಣಿಸುವ ನಮ್ಮ ಲೆಕ್ಕ ಮೊಟ್ಟೆಯಾಕಾರದ ಹಾಲೆಗೆ, ಅಂದರೆ ಥೈರಾಯ್ಡಿನ ಎಡ ಬಲದ ಒಂದೊಂದು ಭಾಗಕ್ಕೆ, ಸರಿ. ಗಂಟುಗಂಟಾಗಿ ಊದಿದ ಹಾಲೆಯಲ್ಲಿ ಪರದೆಯ ಅಳತೆ ಗುರುತಾದ ಕ್ಯಾಲಿಪರನ್ನು ಎಲ್ಲಿ ಇಡಬೇಕೆಂಬುದೇ ಅಳೆಯುವವರ ಮರ್ಜಿ.

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನವೇ ಮೂರು ಆಯಾಮದ ಯಂತ್ರಕ್ಕೆ ಬೆಲೆ ಕೇಳಿದೆ. ನೆನಪಿನಿಂದ ಹೇಳುವುದಾದರೆ 26 ಲಕ್ಷದ ಮೇಲೆ. ನನ್ನ ಹಳೆಯ ಯಂತ್ರಕ್ಕೆ ಮೂರು ಆಯಾಮದ ಪ್ರೋಬ್, ಅಂದರೆ ಮೈಮೇಲಿಟ್ಟು ಸರಿಸುವ ಹಿಡಿ, ಹೊಂದುವುದೇ ಇಲ್ಲ ಎಂದರು. ಹಾಗಾದರೆ ಇರುವ ನೇರ ಮುಖದ ಲೀನಿಯರ್ ಪ್ರೋಬಿನಿಂದಲೇ, ಅದು ಪ್ರತಿ ಕ್ಷಣ ಎಲ್ಲಿದೆ, ಯಾವ ಕೋನದಲ್ಲಿದೆ ಎಂದು ಗುರುತಿಸಿಕೊಂಡು, ಚಿತ್ರಗಳನ್ನು ಜೋಡಿಸಿ ಗಾತ್ರ ಕಟ್ಟುತ್ತೇನೆ ಎಂದೆ. ಯಂತ್ರದ ಸರ್ವೀಸಿಗೆ ಬರುವ ಹುಡುಗ ನಕ್ಕ. ನಾನು ಗೌರವಿಸುವ ಹಿರಿಯ ವೈದ್ಯರೊಬ್ಬರು "ಇದು ಕಾಲೇಜು ಹುಡುಗರ ಪ್ರಾಜೆಕ್ಟು, ಕ್ಲಿನಿಕ್ಕಿನಲ್ಲಿ ನಡೆಯುವುದಿಲ್ಲ" ಎಂದರು. ಆದರೆ ದಾರಿ ಹೊಸದಲ್ಲ. 1980ರ ದಶಕದಲ್ಲಿ ಟೋಕಿಯೊದ ಕಜುನೋರಿ ಬಾಬಾ ಭ್ರೂಣದ ಮೂರು ಆಯಾಮದ ಚಿತ್ರ ತೆಗೆದದ್ದೂ ಸ್ಥಾನ ಅಳೆಯುವ ತೋಳಿಗೆ ಪ್ರೋಬನ್ನು ಕಟ್ಟಿಯೇ. ತೋಳಿನ ಕೆಲಸವನ್ನು ನಾನು ಕ್ಯಾಮೆರಾಕ್ಕೆ ವಹಿಸಿದೆ, ಅಷ್ಟೇ ವ್ಯತ್ಯಾಸ.

ಆದರೆ ಕ್ಯಾಮೆರಾ ಮೊದಲಿಗೇ ಹೊಳೆಯಲಿಲ್ಲ. ಯಾವ ಸೆನ್ಸರೂ ಇಲ್ಲದೆ, ಒಂದೇ ವೇಗದಲ್ಲಿ ಕೈ ಸರಿಸಿದರೆ ಸಾಕೆಂದುಕೊಂಡೆ. ಇಪ್ಪತ್ತು ವರ್ಷ ಪ್ರೋಬ್ ಹಿಡಿದ ಕೈ. ಆದರೂ ಒಂದೇ ಹಾಲೆ ಒಮ್ಮೆ 4 ಸೆಂಟಿಮೀಟರು ಉದ್ದ, ಇನ್ನೊಮ್ಮೆ 5. ಆಮೇಲೆ 350 ರೂಪಾಯಿಯ ಚಲನೆಯ ಸೆನ್ಸರ್ ಅಂಟಿಸಿದೆ. ಕೋನವನ್ನು ಚೆನ್ನಾಗಿ ಹೇಳಿತು, ಸ್ಥಾನವನ್ನು ಹತ್ತೇ ಸೆಕೆಂಡಿನಲ್ಲಿ ಮೀಟರುಗಟ್ಟಲೆ ಆಚೆಗೆ ಒಯ್ದಿತು. ವೇಗೋತ್ಕರ್ಷವನ್ನು ಎರಡು ಸಲ ಕೂಡಿಸುವಾಗ ಸಣ್ಣ ತಪ್ಪು ದೊಡ್ಡದಾಗುತ್ತದೆಂದು ಓದಿದ್ದೆ, ಅದನ್ನು ಕಣ್ಣಾರೆ ಕಂಡೆ. ಮೂರನೆಯದಾಗಿ ಬೆಂಗಳೂರಿನ ಸ್ನೇಹಿತರಿಂದ ಆಯಸ್ಕಾಂತದ ಟ್ರ್ಯಾಕರನ್ನು ಎರಡು ವಾರ ಎರವಲು ತಂದೆ. ಮರದ ಮೇಜಿನ ಮೇಲೆ ಸೊಗಸಾಗಿ ನಡೆಯಿತು. ನನ್ನ ಕಬ್ಬಿಣದ ಮಂಚದ ಹತ್ತಿರ ತಂದರೆ ನೇರ ಗೆರೆ ಬಿಲ್ಲಿನಂತೆ ಬಾಗಿತು. ಮಂಚ ಬದಲಾಯಿಸಬಹುದಿತ್ತು, ಆದರೆ ಟ್ರ್ಯಾಕರಿನ ಬೆಲೆಯೇ ಎಂಟೊಂಬತ್ತು ಲಕ್ಷ. ಹಿಂದಿರುಗಿಸಿದೆ.

ಕ್ಯಾಮೆರಾ ದಾರಿ ಹಿಡಿದದ್ದು ಹೀಗೆ. ಪ್ರೋಬಿಗೆ ಕಪ್ಪು-ಬಿಳುಪು ಚೌಕಗಳ ಮಾರ್ಕರ್, ಮಂಚದ ಮೇಲೆ ಸುಮಾರು 60 ಸೆಂಟಿಮೀಟರು ಎತ್ತರದಲ್ಲಿ ಕ್ಯಾಮೆರಾ, ಯಂತ್ರದ ವಿಡಿಯೊ ಔಟಿನಿಂದ ಲ್ಯಾಪ್‌ಟಾಪಿಗೆ ಚಿತ್ರಗಳನ್ನು ದಾಟಿಸುವ ಫ್ರೇಮ್ ಗ್ರ್ಯಾಬರ್. ತಂತ್ರಾಂಶ, ಚಿತ್ರವನ್ನೂ ಸ್ಥಾನವನ್ನೂ ಜೋಡಿಸುವ ಪ್ಲಸ್ ಮತ್ತು ಕಟ್ಟಿದ ಗಾತ್ರವನ್ನು ತೋರಿಸಿ ಅಳೆಯುವ ತ್ರೀಡಿ ಸ್ಲೈಸರ್, ಎರಡೂ ಉಚಿತ. ಅವನ್ನು ಹಾಕಿಕೊಳ್ಳುವುದು ಹೇಗೆಂದು ಇಲ್ಲಿ ಬರೆಯುವುದಿಲ್ಲ, ಕೈ ಹಾಕುವವರಿಗೆ ಅದು ಗೊತ್ತಿರುತ್ತದೆ. ನನ್ನನ್ನು ಒಂದೂವರೆ ವರ್ಷ ಅಲೆಸಿದ್ದು ತಂತ್ರಾಂಶವಲ್ಲ, ಬೆಳಕು, ನೀರು ಮತ್ತು ಹಿಡಿಕೆ.

ಬೆಳಕು ಮೊದಲು. ನಮಗೆ ಕತ್ತಲ ಕೋಣೆ ಬೇಕು, ಕ್ಯಾಮೆರಾಕ್ಕೆ ಬೆಳಕು ಬೇಕು. ಕತ್ತಲಲ್ಲಿ ಕ್ಯಾಮೆರಾ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ತೆಗೆದುಕೊಂಡು ಚಲಿಸುವ ಮಾರ್ಕರನ್ನು ಕಲಸಿಬಿಡುತ್ತಿತ್ತು. ಟ್ಯೂಬ್‌ಲೈಟ್ ಹಾಕಿದರೆ ಪರದೆಯಲ್ಲಿ ನನಗೆ ಏನೂ ಕಾಣದು. ಕೊನೆಗೆ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ತಡೆಯುವ ಫಿಲ್ಟರಿಲ್ಲದ ಕ್ಯಾಮೆರಾ ತಂದು, ಅವಕೆಂಪು ಎಲ್‌ಇಡಿ ಹಾಕಿದೆ. ಕೋಣೆ ಕತ್ತಲಾಗಿಯೇ ಉಳಿಯಿತು, ಆದರೆ ಮಾರ್ಕರೇ ಮಾಯ! ಲ್ಯಾಪ್‌ಟಾಪಿನಲ್ಲಿ ಬರೀ ಬಿಳಿ ಕಾಗದ. ಎರಡು ದಿನ ಕ್ಯಾಮೆರಾವನ್ನು ಬೈದೆ. ತಪ್ಪು ಶಾಯಿಯದು. ನನ್ನ ಇಂಕ್‌ಜೆಟ್ಟಿನ ಕಪ್ಪು ನಮ್ಮ ಕಣ್ಣಿಗಷ್ಟೇ ಕಪ್ಪು, ಅವಕೆಂಪಿನಲ್ಲಿ ಅದು ಗಾಜಿನಂತೆ. ಶಿವಮೊಗ್ಗದ ದುರ್ಗಿಗುಡಿಯ ಜೆರಾಕ್ಸ್ ಅಂಗಡಿಯಲ್ಲಿ ಎರಡು ರೂಪಾಯಿ ಕೊಟ್ಟು ಅದೇ ಮಾರ್ಕರನ್ನು ಲೇಸರ್ ಪ್ರಿಂಟ್ ತೆಗೆಸಿದೆ. ಟೋನರಿನಲ್ಲಿ ಇಂಗಾಲವಿದೆ, ಮಾರ್ಕರ್ ಕಾಡಿಗೆಯ ಹಾಗೆ ಎದ್ದು ಕಂಡಿತು. ಲ್ಯಾಮಿನೇಷನ್ ಮಾಡಿಸಬೇಡಿ, ಹೊಳಪು ಎಲ್ಲವನ್ನೂ ನುಂಗುತ್ತದೆ. ಬರೀ ಕಾಗದವೂ ನಮ್ಮ ಮಳೆಗಾಲಕ್ಕೆ ಆಗದು, ಒಂದೇ ವಾರದಲ್ಲಿ ಹಪ್ಪಳದಂತೆ ಸುರುಳಿಯಾಗುತ್ತದೆ. ಬೋರ್ಡ್ ಬರೆಯುವವರ ಅಂಗಡಿಯಿಂದ ಅಕ್ರಿಲಿಕ್ ಚೂರು ತಂದು ಅದಕ್ಕೆ ಅಂಟಿಸಿದೆ. ಒಂದೇ ಮಾರ್ಕರ್ ಕ್ಯಾಮೆರಾಕ್ಕೆ ನೇರ ಮುಖ ಮಾಡಿದಾಗ ಕೋನ ಆಚೀಚೆ ಜಿಗಿಯುತ್ತದೆ, ಹಾಗಾಗಿ ಬೇರೆ ಬೇರೆ ಓರೆಯಲ್ಲಿ ಮೂರು ಇಟ್ಟಿದ್ದೇನೆ. ಆಟೊ ಫೋಕಸ್, ಆಟೊ ಎಕ್ಸ್‌ಪೋಷರ್ ಎರಡನ್ನೂ ಕಡ್ಡಾಯವಾಗಿ ಆರಿಸಿ.

ನೀರಿನ ಪಾಠಕ್ಕೆ ಇದಕ್ಕಿಂತ ಹೆಚ್ಚು ದಿನ ಹಿಡಿಯಿತು. ಮಾರ್ಕರಿನಿಂದ ನೋಡಿದರೆ ಚಿತ್ರ ಎಲ್ಲಿ ಬೀಳುತ್ತದೆಂದು ಹೊಂದಿಸುವ ಕ್ಯಾಲಿಬ್ರೇಷನ್ನಿಗೆ ಗಾಂಧಿ ಬಜಾರಿನಲ್ಲಿ ಗಾಳದ ನೈಲಾನ್ ದಾರ ತಂದು, ಚೌಕಟ್ಟಿಗೆ ಇಂಗ್ಲಿಷಿನ ಎನ್ ಅಕ್ಷರದ ಆಕಾರದಲ್ಲಿ ಬಿಗಿದು, ನೀರಿನಲ್ಲಿ ಮುಳುಗಿಸಿ ಸ್ಕ್ಯಾನ್ ಮಾಡಿದೆ. ತಪ್ಪು ಒಂದು ಮಿಲಿಮೀಟರಿಗಿಂತ ಕೆಳಗೆ ಇಳಿಯಲೇ ಇಲ್ಲ. ಜುಲೈ ತಿಂಗಳು, ನಲ್ಲಿ ನೀರು 22 ಡಿಗ್ರಿ. ಯಂತ್ರ ಶಬ್ದದ ವೇಗ ಸೆಕೆಂಡಿಗೆ 1540 ಮೀಟರು ಎಂದು ನಂಬಿ ಆಳ ಬರೆಯುತ್ತದೆ. ಅಷ್ಟು ತಣ್ಣನೆಯ ನೀರಿನಲ್ಲಿ ಅದು 1490ರ ಆಸುಪಾಸು. 4 ಸೆಂಟಿಮೀಟರು ಆಳದ ದಾರ ಪರದೆಯಲ್ಲಿ ಸುಮಾರು 1.3 ಮಿಲಿಮೀಟರು ಕೆಳಗೆ ಕಾಣುತ್ತದೆ. ಬಿಸಿನೀರು ಹಾಕಿದೆ, 50 ಡಿಗ್ರಿ ಮುಟ್ಟಿದಾಗ ತ್ರೀಡಿ ಪ್ರಿಂಟ್ ಮಾಡಿಸಿದ್ದ ಚೌಕಟ್ಟು ಮೆತ್ತಗಾಗಿ ದಾರದ ಬಿಗಿಗೆ ಬಾಗಿತು. ಆ ಪ್ರಿಂಟಿಗೆ ಕೊಟ್ಟ 1,400 ರೂಪಾಯಿ ಹೋಯಿತು. ಪ್ರೋಬಿಗೂ ಅಷ್ಟು ಬಿಸಿ ಒಳ್ಳೆಯದಲ್ಲ. ಕೊನೆಗೆ ಉಪ್ಪು. ಲೀಟರಿಗೆ 45ರಿಂದ 50 ಗ್ರಾಂ ಉಪ್ಪು ಕರಗಿಸಿದರೆ ತಣ್ಣೀರೇ 1540ರ ಹತ್ತಿರ ಬರುತ್ತದೆ. ಅಕ್ರಿಲಿಕ್ ಚೌಕಟ್ಟು, ಉಪ್ಪುನೀರು, ಒಂದು ಸ್ಟೀಲಿನ ಡಬರಿ. ತಪ್ಪು ಅರ್ಧ ಮಿಲಿಮೀಟರಿಗೆ ಇಳಿದ ದಿನ ಮನೆಗೆ ಫೋನು ಮಾಡಿ ಪಾಯಸ ಮಾಡಲು ಹೇಳಿದೆ. ಪ್ರೋಬನ್ನು ಉಪ್ಪುನೀರಿನಿಂದ ತೆಗೆದ ಕೂಡಲೇ ಸಿಹಿನೀರಿನಲ್ಲಿ ಒರೆಸುವುದನ್ನು ಮರೆಯಬೇಡಿ.

ಇನ್ನು ಹಿಡಿಕೆ. ಪ್ರೋಬಿಗೂ ಮಾರ್ಕರಿಗೂ ನಡುವೆ ಕೂದಲೆಳೆಯಷ್ಟು ಅಲುಗಾಟವಿದ್ದರೂ ಇಡೀ ಲೆಕ್ಕ ಕೆಡುತ್ತದೆ. ಪ್ರಿಂಟ್ ಮಾಡಿಸಿದ ಹಿಡಿಕೆಗಳು ಎರಡೂ ಸಡಿಲ. ಪ್ರೋಬಿನ ಮೈ ಎಲ್ಲಿಯೂ ನೇರವಿಲ್ಲ, ಅಳತೆ ತೆಗೆದು ಕಂಪ್ಯೂಟರಿನಲ್ಲಿ ಬರೆಯುವುದು ನನಗೆ ಸಾಧ್ಯವಾಗಲಿಲ್ಲ. ಆಗ ಸಾಗರದ ಗುಡಿಗಾರರು ನೆನಪಾದರು. ಗಂಧದಲ್ಲಿ ಅಕ್ಕಿಕಾಳಿನಷ್ಟು ಬೆರಳು ಕೆತ್ತುವ ಕೈಗಳು. ಹಿರಿಯರೊಬ್ಬರ ಮುಂದೆ ಪ್ರೋಬಿನ ಮೇಣದ ಅಚ್ಚು ಇಟ್ಟೆ. ಅವರು ಅದನ್ನು ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಎರಡು ಸುತ್ತು ಸವರಿ, "ಇದರ ಬಲಭುಜ ಎಡಕ್ಕಿಂತ ತುಸು ಇಳಿದಿದೆ, ಗೊತ್ತೇ?" ಎಂದರು. ಇಷ್ಟು ವರ್ಷ ಹಿಡಿದ ನನಗೆ ಗೊತ್ತಿರಲಿಲ್ಲ. ಶಿವನೆ ಮರದಲ್ಲಿ ಎರಡು ಹೋಳಾಗಿ ಕೆತ್ತಿ, ಮೆರುಗೆಣ್ಣೆ ಹಚ್ಚಿ ಹತ್ತು ದಿನಕ್ಕೆ ಕೊಟ್ಟರು. 1,500 ರೂಪಾಯಿ ಕೊಟ್ಟಾಗ 200 ಹಿಂದಿರುಗಿಸಲು ಬಂದರು, ನಾನು ಬಿಡಲಿಲ್ಲ. ಹಿಡಿಕೆ ಪ್ರೋಬಿನ ಮೇಲೆ ಕೂರುವಾಗ ಬರುವ "ಟಕ್" ಎಂಬ ಸದ್ದು ಇಂದಿಗೂ ನನಗೆ ಹಿತ. ತೆಗೆದು ಮತ್ತೆ ಹಾಕಿದರೂ ಕ್ಯಾಲಿಬ್ರೇಷನ್ ಕದಲುವುದಿಲ್ಲ. ಹೋಳುಗಳ ನಡುವೆ ಏನಿಟ್ಟಿದ್ದೇವೆ ಎಂಬುದನ್ನು ಸದ್ಯಕ್ಕೆ ಹೇಳುವುದಿಲ್ಲ, ಅದು ಆ ಹಿರಿಯರ ಉಪಾಯ. ಅವರ ಒಪ್ಪಿಗೆ ಕೇಳದೆ ಬರೆಯಲಾರೆ.

ಚಿತ್ರಕ್ಕೂ ಸ್ಥಾನಕ್ಕೂ ಕಾಲ ಹೊಂದಿಸುವುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವಂಥದ್ದು: ಡಬರಿಯ ತಳದ ಮೇಲೆ ಪ್ರೋಬನ್ನು ಮೇಲೆ ಕೆಳಗೆ ಆಡಿಸಿ, ಚಿತ್ರದಲ್ಲೊಂದು, ಮಾರ್ಕರಿನ ಸ್ಥಾನದಲ್ಲೊಂದು ಎಂದು ಸಿಗುವ ಎರಡು ಅಲೆಗಳನ್ನು ಒಂದರ ಮೇಲೊಂದು ಕೂರಿಸುವುದು. ನನ್ನದರಲ್ಲಿ ಚಿತ್ರ ಸುಮಾರು 120 ಮಿಲಿಸೆಕೆಂಡು ತಡ. ಮೊದಲು ಕೊಂಡ 1,100 ರೂಪಾಯಿಯ ಗ್ರ್ಯಾಬರಿನಲ್ಲಿ ಆ ತಡ ಒಮ್ಮೆ 90, ಒಮ್ಮೆ 200. ಹಾಗಿದ್ದರೆ ಹೊಂದಿಸಲು ಬರುವುದಿಲ್ಲ. 7,500 ಕೊಟ್ಟು ಇನ್ನೊಂದು ತಂದೆ. ಇಲ್ಲಿ ಜಿಪುಣತನ ಬೇಡ.

ಪರೀಕ್ಷೆಗೆ ಫ್ಯಾಂಟಮ್, ಅಂದರೆ ಮೈಯ ಬದಲು ಸ್ಕ್ಯಾನ್ ಮಾಡುವ ನಕಲು, ಬೇಕಲ್ಲ. ಚೈನಾ ಗ್ರಾಸ್ ಕುದಿಸಿ, ಕಣಕಣ ಕಾಣಲೆಂದು ಇಸಬ್‌ಗೋಲ್ ಬೆರೆಸಿ, ಒಳಗೆ ಏನಾದರೂ ಹುದುಗಿಸಿಟ್ಟೆ. ಮಲೆನಾಡಿನವನಿಗೆ ಮೊದಲು ಹೊಳೆಯುವುದು ಅಡಿಕೆ. ಚಾಲಿ ಅಡಿಕೆಯ ಮುಂಭಾಗದ ಕಮಾನು ಮಾತ್ರ ಹೊಳೆದು ಹಿಂದೆಲ್ಲ ಕಪ್ಪು ನೆರಳಾಯಿತು. ಮೂರು ದಿನ ನೆನೆಸಿದರೂ ಅಷ್ಟೇ. ಹಾಗಾದರೆ ಒಳಗಿನ ಹುಳುಕನ್ನಾದರೂ ಹೊರಗಿನಿಂದ ಕಾಣಬಹುದೇ ಎಂಬ ಆಸೆ ಹುಟ್ಟಿ, ತೀರ್ಥಹಳ್ಳಿಯ ಭಾವನ ಮನೆಯಿಂದ ಅರ್ಧ ಚೀಲ ತರಿಸಿ ಎರಡು ಭಾನುವಾರ ಕೂತೆ. ಸಿಗಲಿಲ್ಲ. ಶಬ್ದ ಒಳಗೆ ಹೋಗುವುದೇ ಇಲ್ಲ. ಬೇಯಿಸಿದ ಹಲಸಿನ ಬೀಜದಲ್ಲಿ ಎರಡು ಬೇಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಗೆರೆಯಾಗಿ ಅಡ್ಡ ಬಂತು. ಕೊನೆಗೆ ಕೈಗೂಡಿದ್ದು ಬೇಯಿಸಿ ಸುಲಿದ ಕ್ವೇಲ್ ಮೊಟ್ಟೆ. ಅಳತೆಯ ಜಾಡಿಯಲ್ಲಿ ಮುಳುಗಿಸಿದಾಗ 9 ಮಿಲಿಲೀಟರು, ಅಂದರೆ ಹೆಚ್ಚುಕಡಿಮೆ ಆರೋಗ್ಯವಂತ ಥೈರಾಯ್ಡಿನ ಒಂದು ಹಾಲೆಯಷ್ಟು. ನನ್ನ ಯಂತ್ರದಲ್ಲಿ ಮೂರು ಸಲಕ್ಕೆ 9.3, 8.8, 9.2. ಮೂರು ಮೊಟ್ಟೆಗಳನ್ನು ಒತ್ತಾಗಿ ಇಟ್ಟು ಗಂಟುಗಳಂತೆ ಮಾಡಿದೆ, 0.52ರ ಲೆಕ್ಕ ಕಾಲು ಭಾಗ ಹೆಚ್ಚು ಹೇಳಿತು, ಕಟ್ಟಿದ ಗಾತ್ರ ಒಂದು ಮಿಲಿಲೀಟರೂ ಬೇರೆಯಾಗಲಿಲ್ಲ. ಈ ಫ್ಯಾಂಟಮ್ ಮಳೆಗಾಲದಲ್ಲಿ ಮೂರೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ, ಮಾಡಿದ ದಿನವೇ ಅಳೆಯಿರಿ.

ಮನುಷ್ಯರ ಕುತ್ತಿಗೆ ಮೊಟ್ಟೆಯಲ್ಲ. ಉಗುಳು ನುಂಗಿದರೆ ಥೈರಾಯ್ಡ್ ಮೇಲಕ್ಕೆ ಜಿಗಿದು ಇಳಿಯುತ್ತದೆ, ಚಿತ್ರ ಎರಡಾಗಿ ಹರಿಯುತ್ತದೆ. ನಮ್ಮ ಕಡೆ ಬಾಯಲ್ಲಿ ಎಲೆಯಡಿಕೆಯ ಕವಳವಿಲ್ಲದೆ ಮಂಚ ಹತ್ತುವವರು ಕಡಿಮೆ. ಕವಳ ಇದ್ದರೆ ಬಾಯಿ ನೀರೂರುತ್ತಲೇ ಇರುತ್ತದೆ. ಈಗ ಕವಳ ಉಗುಳಿಸಿ, ಬಾಯಿ ಮುಕ್ಕಳಿಸಿಸಿ, ಒಂದು ಗುಟುಕು ನೀರು ಕುಡಿಸಿ, ಆಮೇಲೆ ಹನ್ನೆರಡು ಸೆಕೆಂಡಿನಲ್ಲಿ ಒಂದು ಹಾಲೆ ಮುಗಿಸುತ್ತೇನೆ. ಪ್ರೋಬಿಗಿಂತ ಅಗಲವಾದ ಹಾಲೆಗೆ ಎರಡು ಸಾಲು, ಉತ್ತವರ ಹಾಗೆ ಸ್ವಲ್ಪ ಒಂದರ ಮೇಲೊಂದು ಬರುವಂತೆ. ತಲೆ ಕದಲಿದರೆ ಲೆಕ್ಕ ಹಿಡಿಯಲು ಹಣೆಪಟ್ಟಿಗೊಂದು ಮಾರ್ಕರ್. ಮೊದಲು ಎದೆಯ ಮೇಲಿಟ್ಟು ಉಸಿರಾಟವನ್ನೆಲ್ಲ ಚಿತ್ರಕ್ಕೆ ತುಂಬಿಕೊಂಡಿದ್ದೆ. ಒತ್ತಿದರೆ ಹಾಲೆ ಚಪ್ಪಟೆಯಾಗುತ್ತದೆ, ಆದ್ದರಿಂದ ಜೆಲ್ ದಪ್ಪಗೆ, ಕೈ ಹಗುರ. ಮಣಿಕಟ್ಟನ್ನು ಎಲ್ಲಿ ಊರಿ ಕೈ ಹಗುರವಾಗಿಡುತ್ತೇನೆ ಎಂಬುದನ್ನು ಬರೆದು ತಿಳಿಸಲಾಗದು, ಬಂದರೆ ತೋರಿಸುತ್ತೇನೆ.

ನಿಜವಾದ ಪರೀಕ್ಷೆ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಆಯಿತು. ಊರಿನ ಸರ್ಜನ್ ಒಬ್ಬರು ರೋಗಿಗಳ ಒಪ್ಪಿಗೆ ಪಡೆದು, ತೆಗೆದ ಹಾಲೆಯನ್ನು ನೀರಿನಲ್ಲಿ ಮುಳುಗಿಸಿ ಅಳೆದುಕೊಟ್ಟರು. ಹನ್ನೊಂದು ಹಾಲೆ. ನನ್ನ ಅಳತೆ ಸರಾಸರಿ ಆರೇಳು ಶೇಕಡಾ ಹೆಚ್ಚು. ರಕ್ತ ಬಸಿದುಹೋದ ಹಾಲೆ ಸ್ವಲ್ಪ ಕುಗ್ಗಿರುತ್ತದೆಂದು ಲೆಕ್ಕ ಹಿಡಿದರೆ ಇನ್ನೂ ಹತ್ತಿರ. ಅವೇ ಹಾಲೆಗಳಿಗೆ ಹಳೆಯ ಗುಣಾಕಾರ ಹದಿನೆಂಟು ಶೇಕಡಾ ತಪ್ಪಿತ್ತು, ಒಂದರಲ್ಲಿ ಮೂವತ್ತರ ಮೇಲೆ. "ಪ್ರಾಜೆಕ್ಟು" ಎಂದಿದ್ದ ಹಿರಿಯರು ಆ ಕಾಗದವನ್ನು ಎರಡು ಸಲ ಓದಿದರು. ಮರುವಾರ ತಮ್ಮದೇ ರೋಗಿಯೊಬ್ಬರನ್ನು ಅಳತೆಗೆ ಕಳಿಸಿದರು.

ಕೈ ಹಾಕುವವರಿಗೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಯಂತ್ರವನ್ನು ಬಿಚ್ಚಬೇಡಿ, ವಿಡಿಯೊ ಔಟಿಗಿಂತ ಒಳಕ್ಕೆ ಹೋಗಬೇಡಿ. ಪಿಸಿಪಿಎನ್‌ಡಿಟಿ ಕಾಯ್ದೆಯಡಿ, ಅಂದರೆ ಭ್ರೂಣದ ಲಿಂಗ ಪತ್ತೆಯನ್ನು ತಡೆಯುವ ಕಾಯ್ದೆಯಡಿ, ನಮ್ಮ ಒಂದೊಂದು ಯಂತ್ರವೂ ನೋಂದಣಿಯಾಗಿರುತ್ತದೆ. ನಾನು ಶುರು ಮಾಡುವ ಮೊದಲೇ ಜಿಲ್ಲಾ ಸಕ್ಷಮ ಪ್ರಾಧಿಕಾರಕ್ಕೆ ಬರಹದಲ್ಲಿ ತಿಳಿಸಿದೆ. ಗರ್ಭಿಣಿಯರ ಮೇಲೆ ಈ ಜೋಡಣೆಯನ್ನು ಒಮ್ಮೆಯೂ ಬಳಸಿಲ್ಲ, ಬಳಸುವುದೂ ಇಲ್ಲ. ಮಗುವಿನ ಮುಖ ತೋರಿಸಿ ಎಂದು ಕೇಳಿಕೊಂಡು ಬಂದವರನ್ನು ಹಾಗೆಯೇ ಕಳಿಸಿದ್ದೇನೆ. ಹೆಣ್ಣು ಮಕ್ಕಳ ಜೀವಕ್ಕೆ ಕುತ್ತು ತಂದ ಯಂತ್ರ ಇದು. ಇದನ್ನು ಹಿಡಿದವರಿಗೆ ಆ ಎಚ್ಚರ ತಪ್ಪಬಾರದು.

ಖರ್ಚು ಒಟ್ಟು 28,000ದ ಹತ್ತಿರ. ಅದರಲ್ಲಿ ಸುಮಾರು ಆರು ಸಾವಿರ ನೀರಿಗೆ ಹೋಯಿತು. ಲ್ಯಾಪ್‌ಟಾಪ್ ಇತ್ತು, ರ‍್ಯಾಮ್ ಮಾತ್ರ 16 ಜಿಬಿಗೆ ಏರಿಸಿದೆ, ಎಂಟರಲ್ಲಿ ಗಾತ್ರ ಕಟ್ಟುವಾಗಲೆಲ್ಲ ನಿಂತುಹೋಗುತ್ತಿತ್ತು. ಯುಪಿಎಸ್ ಬೇಕೇ ಬೇಕು, ಆಷಾಢದಲ್ಲಿ ನಮ್ಮ ಕರೆಂಟಿನ ಪಾಡು ಗೊತ್ತೇ ಇದೆ. ತಿಂಗಳಿಗೊಮ್ಮೆ ಉಪ್ಪುನೀರಿನ ಡಬರಿ ಇಳಿಸಿ ಕ್ಯಾಲಿಬ್ರೇಷನ್ ನೋಡುತ್ತೇನೆ.

ರಿಪ್ಪನ್‌ಪೇಟೆಯ ಅಮ್ಮ ಆಮೇಲೆ ಮೂರು ಸಲ ಬಂದಿದ್ದಾರೆ, ಎಂಟೆಂಟು ತಿಂಗಳಿಗೊಮ್ಮೆ. ಮೊದಲ ಸಲ 34 ಮಿಲಿಲೀಟರು, ಎರಡನೆಯ ಸಲ 35, ಹೋದ ತಿಂಗಳು 34. ಸೂಜಿ ಪರೀಕ್ಷೆಯಲ್ಲೂ ಕೆಟ್ಟದ್ದೇನೂ ಇಲ್ಲ, ಉಸಿರಿಗೆ ತೊಂದರೆಯಿಲ್ಲ. ಸರ್ಜನ್ ಆಪರೇಷನ್ ಮುಂದಕ್ಕೆ ಹಾಕಿದ್ದಾರೆ. ಹೋದ ಸಲ ನಾನು ಬಾಯಿ ತೆರೆಯುವ ಮೊದಲೇ ಅವರು ಹೊರಗೆ ಹೋಗಿ ಕವಳ ಉಗುಳಿ, ಬಾಯಿ ತೊಳೆದು ಬಂದು, ಹಣೆಪಟ್ಟಿಯನ್ನು ತಾವೇ ಕಟ್ಟಿಕೊಂಡು ಮಲಗಿದರು.