ಅಪ್ಪನ ಸ್ಮರಣೆಯ ಪುಸ್ತಕ: ನನ್ನ ಅನುಭವ

ಅಪ್ಪ 2023ರಲ್ಲಿ ಲಿಂಗೈಕ್ಯರಾದರು. ಎಪ್ಪತ್ತೊಂದು ವಯಸ್ಸು. ಆಳಂದ ತಾಲ್ಲೂಕಿನ ನಮ್ಮ ಹೊಲದಲ್ಲೇ ಸಮಾಧಿ. ಕುಳ್ಳಿರಿಸಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ, ಪತ್ರಿ ಹಾಕಿ ಮಣ್ಣು ಕೊಟ್ಟೆವು. ಅವರ ಜೊತೆ ಮಿಲಿಟರಿಯಲ್ಲಿದ್ದ ಭಾಲ್ಕಿ ಕಡೆಯ ಕಾಕಾ ಒಬ್ಬರು ಬಂದಿದ್ದರು. ಎಲ್ಲರೂ ಕೈ ಮುಗಿದರೆ ಅವರು ಸೆಲ್ಯೂಟ್ ಹೊಡೆದು ನಿಂತರು. ಕೈ ಇಳಿಸಲು ಅವರಿಗೆ ಬಹಳ ಹೊತ್ತು ಬೇಕಾಯಿತು.

ಮೊದಲ ಪುಣ್ಯಸ್ಮರಣೆಗೆ ನಮ್ಮ ಕಡೆ ಬ್ಯಾನರ್ ಹಾಕಿಸುತ್ತಾರೆ. ನನಗೆ ಅಷ್ಟೇ ಸಾಕು ಅನ್ನಿಸಲಿಲ್ಲ. ಒಂದು ಚಿಕ್ಕ ಪುಸ್ತಕ ಮಾಡೋಣ, ಮೊಮ್ಮಕ್ಕಳ ಕೈಗೆ ಸಿಗುವಂಥದ್ದು, ಅಂತ ಕುಳಿತೆ. ಒಂದೇ ರಾತ್ರಿಯಲ್ಲಿ ಮೂರು ಪುಟ ಆಯಿತು. ದೇಶಭಕ್ತರು, ಶಿವಭಕ್ತರು, ಸರಳ ಜೀವಿ, ಆದರ್ಶ ತಂದೆ. ಬೆಳಿಗ್ಗೆ ಅವ್ವನಿಗೆ ಓದಿ ಹೇಳಿದೆ. ಅವ್ವ ಪೂರ್ತಿ ಕೇಳಿದಳು. ಆಮೇಲೆ ಕೇಳಿದಳು, "ಇದು ಯಾರ ಬಗ್ಗಿ ಬರ್ದೀಯೋ ಯಪ್ಪಾ?"

ಅವಳು ನಿಜವಾಗಿಯೇ ಕೇಳಿದ್ದು. ಆ ಮೂರು ಪುಟದಲ್ಲಿ ಅವಳಿಗೆ ಗಂಡ ಕಾಣಲಿಲ್ಲ. ಅವನ್ನು ಹರಿದು ಹಾಕಿ, ಮಾಳಿಗೆಯ ಮೇಲಿದ್ದ ಅಪ್ಪನ ಟ್ರಂಕ್ ಕೆಳಗಿಳಿಸಿದೆ.

ಕಪ್ಪು ಟ್ರಂಕ್. ಮೇಲೆ ಬಿಳಿ ಬಣ್ಣದಲ್ಲಿ ಆರ್ಮಿ ನಂಬರ್, ಹೆಸರು. ಒಳಗೆ ಡಿಸ್ಚಾರ್ಜ್ ಬುಕ್, ದಸ್ತಿಯಲ್ಲಿ ಸುತ್ತಿದ ಮೆಡಲುಗಳು, ಲಾಡಿಯಿಂದ ಕಟ್ಟಿದ ಇನ್‌ಲ್ಯಾಂಡ್ ಪತ್ರಗಳ ಕಟ್ಟು, ಹಿತ್ತಾಳೆ ತಿಕ್ಕುವ ಬ್ರಾಸೊದ ಅರ್ಧ ಒಣಗಿದ ಡಬ್ಬಿ. ನಿಮ್ಮ ಮನೆಯಲ್ಲೂ ಮಾಜಿ ಸೈನಿಕರಿದ್ದರೆ ಮೊದಲು ಡಿಸ್ಚಾರ್ಜ್ ಬುಕ್ ಹುಡುಕಿ. ಸೇರಿದ ದಿನ, ಹುದ್ದೆ, ಮೆಡಲು, ಬಿಟ್ಟ ದಿನ ಎಲ್ಲ ಅದರಲ್ಲಿರುತ್ತದೆ. ಅಪ್ಪ 1970ರಲ್ಲಿ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರ್‌ನಲ್ಲಿ ಸ್ಯಾಪರ್, ಅಂದರೆ ಎಂಜಿನಿಯರ್ ದಳದ ಜವಾನ ಆಗಿ ಸೇರಿದರು. ಮದ್ರಾಸ್ ಸ್ಯಾಪರ್ಸ್ ಅಂತಾರಲ್ಲ, ಅದೇ. 1780ರಿಂದ ಇರುವ ದಳ. ಅಲ್ಲಿನ ಜವಾನರನ್ನು ಇಡೀ ಸೈನ್ಯ 'ತಂಬಿ' (ತಮಿಳಿನಲ್ಲಿ ತಮ್ಮ) ಅಂತ ಕರೆಯುತ್ತದೆ. ಜೋಳದ ರೊಟ್ಟಿ ತಿಂದು ಬೆಳೆದ ನಮ್ಮಪ್ಪನೂ ಹಾಗೆ ತಂಬಿಯಾದರು. 1994ರಲ್ಲಿ ಹವಾಲ್ದಾರ್ ಆಗಿ ಮನೆಗೆ ಬಂದರು. ನಡತೆಯ ಮುಂದೆ 'ಎಕ್ಸೆಂಪ್ಲರಿ' ಅಂತ ಬರೆದಿದ್ದಾರೆ.

ಆದರೆ ನಾನು ಬಹಳ ಹೊತ್ತು ನೋಡಿದ್ದು ಗುರುತಿನ ಚಿಹ್ನೆಯ ಸಾಲನ್ನು. ಎಡ ಹುಬ್ಬಿನ ಕೆಳಗೆ ಮಚ್ಚೆ. ಐವತ್ತು ವರ್ಷ ನೋಡಿದ ಮುಖ, ನನಗೆ ಆ ಮಚ್ಚೆ ನೆನಪೇ ಇಲ್ಲ! ಗೋಡೆಯ ಮೇಲಿನ ಫೋಟೋ ಇಳಿಸಿ, ಗಾಜು ಒರೆಸಿ ನೋಡಿದೆ. ಇತ್ತು. ಅವತ್ತೇ ನಿರ್ಧರಿಸಿದೆ, ಈ ಪುಸ್ತಕದಲ್ಲಿ ಗುಣಗಳನ್ನು ಬರೆಯುವುದಿಲ್ಲ, ಇಂಥವನ್ನೇ ಬರೆಯುತ್ತೇನೆ ಅಂತ.

(ಪಿಪಿಒ, ಅಂದರೆ ಪಿಂಚಣಿ ಆದೇಶದ ಪ್ರತಿಯೂ ಅದೇ ಟ್ರಂಕಿನಲ್ಲಿತ್ತು. ಪಿಂಚಣಿ ಕಾಗದದಲ್ಲಿ ಹೆಂಡತಿಯ ಹೆಸರು ಆಧಾರಿನಲ್ಲಿ ಇದ್ದ ಹಾಗೇ ಇದೆಯಾ ಅಂತ ಹಿರಿಯರು ಬದುಕಿರುವಾಗಲೇ ನೋಡಿಕೊಳ್ಳಿ. ಅವ್ವನ ಹೆಸರಿನಲ್ಲಿ ಒಂದಕ್ಷರ ಬೇರೆ ಇತ್ತು. ಕುಟುಂಬ ಪಿಂಚಣಿಗೆ ತಿಂಗಳುಗಟ್ಟಲೆ ಓಡಾಡಿದೆವು.)

ಪತ್ರಗಳನ್ನು ಅವ್ವನ ಮುಂದೆ ಕುಳಿತು ಓದಿದೆ. ಹಿಂಭಾಗದಲ್ಲಿ 56 ಎಪಿಒ ಅನ್ನುವ ಸೈನ್ಯದ ಅಂಚೆ ವಿಳಾಸ. ಯಾವ ಊರು ಅಂತ ತಿಳಿಯದು. ಒಳಗೆ ಎಮ್ಮೆ ಕರು ಹಾಕಿತಾ, ತೊಗರಿಗೆ ಹುಳ ಬಿದ್ದಿದೆಯಾ, ರಾಶಿಗೆ ರಜೆ ಸಿಗಬಹುದು, ಇಷ್ಟೇ. ಹೆಂಡತಿಗೆ ಅಂತ ಒಂದು ಮಾತೂ ಇಲ್ಲ. ಪ್ರತಿ ಪತ್ರದ ಕೊನೆಗೆ ಮಾತ್ರ ಒಂದೇ ಸಾಲು: ಪೂಜೆ ನಡೆದಿದೆ. ನಾನು ಅದನ್ನು ಭಕ್ತಿಯ ಮಾತು ಅಂದುಕೊಂಡಿದ್ದೆ. ಅವ್ವ ನಕ್ಕಳು. ಅವಳಿಗೆ ಆಗ ಓದಲು ಬರುತ್ತಿರಲಿಲ್ಲ. ಶಾಲೆಯ ಮಾಸ್ತರು ಕಟ್ಟೆ ಮೇಲೆ ಕುಳಿತು ಜೋರಾಗಿ ಓದುತ್ತಿದ್ದರು, ಅತ್ತೆ ಮಾವ ಎಲ್ಲರ ಎದುರಿಗೆ. "ಅಷ್ಟು ಮಂದ್ಯಾಗ ಏನ್ ಬರೀತಾರ? ಪೂಜಿ ನಡದದ ಅಂದ್ರ ನಾ ಆರಾಮ ಅದೀನಿ, ನಿನ್ನ ನೆನಪಾಗ್ಯದ ಅಂತ. ನಂಗ ತಿಳೀತಿತ್ತು."

1971ರ ಡಿಸೆಂಬರ್‌ನಲ್ಲಿ ಒಂದೂ ಪತ್ರ ಇಲ್ಲ.

ಆ ತಿಂಗಳ ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ ಅಪ್ಪನ ಕಂಪನಿ ಪಶ್ಚಿಮ ಗಡಿಯಲ್ಲಿ ಶಕರ್‌ಗಢ ಕಡೆ ಇತ್ತು. ಮೆಡಲುಗಳಲ್ಲಿ ಪಶ್ಚಿಮಿ ಸ್ಟಾರ್ ಇದೆ, ಸಂಗ್ರಾಮ್ ಮೆಡಲ್ ಇದೆ. ಆ ಕಡೆ ಬಸಂತರ್ ನದಿ ಹತ್ತಿರ ಟ್ಯಾಂಕುಗಳು ಮುಂದೆ ಹೋಗಲು ನೆಲದಲ್ಲಿ ಹುಗಿದ ಮೈನುಗಳ ನಡುವೆ ದಾರಿ ತೆಗೆದವರು ಸ್ಯಾಪರುಗಳು. ಡಿಸೆಂಬರ್ 16ರಂದು ಅಲ್ಲೇ ಟ್ಯಾಂಕ್ ದಳದ ಅಧಿಕಾರಿ ಅರುಣ್ ಖೇತರ್‌ಪಾಲ್ ತೀರಿಕೊಂಡರು. 21 ವರ್ಷ. ಪರಮವೀರ ಚಕ್ರ ಬಂದದ್ದು ಎಲ್ಲರಿಗೂ ಗೊತ್ತು. ಅಪ್ಪನಿಗೆ ಆಗ 19. ನಾವು ಎಷ್ಟು ಕೇಳಿದರೂ ಅವರ ಉತ್ತರ ಒಂದೇ, "ಥಂಡಿ ಭಾಳ ಇತ್ತು."

ಅದಕ್ಕೇ ಭಾಲ್ಕಿ ಬಸ್ ಹತ್ತಿದೆ. ಕಾಕಾನ ಎದುರು ಮೊಬೈಲ್ ರೆಕಾರ್ಡಿಂಗ್ ಹಚ್ಚಿ, ಯುದ್ಧದಲ್ಲಿ ಅಪ್ಪ ಏನು ಮಾಡಿದರು ಅಂತ ಕೇಳಿದೆ. ಅವರೂ "ಥಂಡಿ" ಅಂದರು! ಅರ್ಧ ತಾಸು ಹಾಗೇ ಹೋಯಿತು. ಆಮೇಲೆ ನಾನು ಯುದ್ಧ ಬಿಟ್ಟು, ಬೆಳಿಗ್ಗೆ ಎದ್ದು ಮೊದಲು ಏನು ಮಾಡುತ್ತಿದ್ದಿರಿ ಅಂತ ಕೇಳಿದೆ. ಕಾಕಾ ಎರಡು ತಾಸು ಮಾತಾಡಿದರು. ಹಿರಿಯರ ಹತ್ತಿರ ಕೇಳಲು ಹೋಗುವವರು ಇದೊಂದು ನೆನಪಿಡಿ. ದೊಡ್ಡ ಪ್ರಶ್ನೆ ಕೇಳಿದರೆ ಬಾಯಿ ಕಟ್ಟುತ್ತದೆ.

ನೀರು ಕಡಿಮೆ ಇದ್ದಾಗ ಅಪ್ಪ ಬಾಟಲಿಯ ಮುಚ್ಚಳದಲ್ಲಿ ಒಂದು ಗುಟುಕು ನೀರು ಉಳಿಸುತ್ತಿದ್ದರಂತೆ. ಲಿಂಗಕ್ಕೆ. ಕತ್ತಲಲ್ಲೇ ಎದ್ದು, ಕಂಬಳಿಯೊಳಗೆ ಕುಳಿತು, ಅಂಗೈ ಮೇಲೆ ಲಿಂಗ ಇಟ್ಟುಕೊಳ್ಳುತ್ತಿದ್ದರು. "ಮೊದ್ಲು ನಕ್ಕೀವಿ," ಅಂದರು ಕಾಕಾ. "ಮೈನ್ ತಗ್ಯಾಕ ಹೋಗೋ ದಿನ ಎಲ್ಲರೂ ಅಂವನ ಪೂಜಿ ಮುಗಿಯೋ ಮಟ ಕಾಯ್ತಿದ್ವಿ. ಮದ್ರಾಸಿನ ಹುಡುಗರೂ ವಿಭೂತಿ ಹಚ್ಕೊಳ್ತಿದ್ರು."

ಮೈನು ಹುಡುಕುವುದನ್ನೂ ಕೈ ಮಾಡಿ ತೋರಿಸಿದರು. ಕಡ್ಡಿಯನ್ನು ನೆಟ್ಟಗೆ ಚುಚ್ಚಬಾರದು. ಮೈನಿನ ನೆತ್ತಿಗೆ ಒತ್ತಡ ಬಿದ್ದರೆ ಸಿಡಿಯುತ್ತದೆ. ಓರೆಯಾಗಿ, ಮೆತ್ತಗೆ ಚುಚ್ಚಬೇಕು. ಪಕ್ಕೆಗೆ ತಾಗಬೇಕು. ನಾನು ಸುಮ್ನೆ ಕುಳಿತುಬಿಟ್ಟೆ. ಅಪ್ಪ ನಮ್ಮ ಹೊಲದಲ್ಲಿ ಕಳೆ ತೆಗೆಯುವಾಗ ಕುರ್ಪಿಯನ್ನು ಹಾಗೇ ಹಿಡಿಯುತ್ತಿದ್ದರು. ಓರೆಯಾಗಿ, ಮೆತ್ತಗೆ. ಎಲ್ಲರಿಗಿಂತ ಅವರ ಸಾಲು ತಡ. ಆಳುಗಳು ನಗುತ್ತಿದ್ದರು. ನಾನೂ ಹುಡುಗನಾಗಿದ್ದಾಗ, ಲಗೂ ಮಾಡ್ರಿ ಯಪ್ಪಾ ಅಂತ ಬೈದಿದ್ದೇನೆ.

ಅವ್ವನಿಂದ ಸಿಕ್ಕಿದ್ದು ಇನ್ನೊಂದು. ಪೂಜೆಯ ಹಿತ್ತಾಳೆ ತಂಬಿಗೆಯನ್ನು ಅಪ್ಪ ಬ್ರಾಸೊ ಹಚ್ಚಿ ತಿಕ್ಕುತ್ತಿದ್ದರು, ಬೆಲ್ಟಿನ ಬಕಲ್ ತಿಕ್ಕಿದ ಹಾಗೆ. ಹುಣಸೆಹಣ್ಣು ಇರುವಾಗ ದೇವರ ತಂಬಿಗೆಗೆ ಆ ಔಷಧ ಯಾಕೆ ಅಂತ ಅವ್ವನದು ಜಗಳ. ಮೂವತ್ತು ವರ್ಷ ನಡೆಯಿತು. ಕೊನೆಗೆ ಅವರು ಬ್ರಾಸೊ ಹಚ್ಚುವುದು, ಇವಳು ಹುಣಸೆಹಣ್ಣಿನಿಂದ ಮತ್ತೊಮ್ಮೆ ತೊಳೆಯುವುದು, ಹಾಗೆ ರಾಜಿಯಾಯಿತು.

ಬರೆಯಬೇಕೋ ಬೇಡವೋ ಅಂತ ನಾನು ಬಹಳ ದಿನ ತಡೆದದ್ದು ಒಂದು ವಿಷಯವನ್ನು. ಅಪ್ಪ ದಿನಾ ಪೂಜೆಯ ನಂತರ ಬಸವಣ್ಣನವರ 'ಕಳಬೇಡ ಕೊಲಬೇಡ' ವಚನ ಹೇಳುತ್ತಿದ್ದರು. ಕಾಲೇಜಿನಲ್ಲಿದ್ದಾಗ ನಾನು ಕೇಳಿಬಿಟ್ಟೆ, ಮಿಲಿಟರಿಯಲ್ಲಿದ್ದವರು ಕೊಲಬೇಡ ಅಂತ ಹೆಂಗ ಹೇಳ್ತೀರಿ ಅಂತ. ಅಪ್ಪ ಬೈಯಲಿಲ್ಲ. ಲಿಂಗದ ಕರಡಿಗೆ ಮುಚ್ಚಿ, ಕೊರಳಿಗೆ ಹಾಕಿಕೊಂಡು ಹೊಲಕ್ಕೆ ಹೋದರು. ಆ ಮಾತಿಗೆ ನನಗೆ ಇವತ್ತಿಗೂ ನೋವಿದೆ. ಅವರಲ್ಲಿ ಕ್ಷಮೆ ಕೇಳಲಿಲ್ಲ. ಅದೇ ಪ್ರಶ್ನೆಯನ್ನು ಕಾಕಾನಿಗೆ ಕೇಳಿದೆ. ಅವರು ರೆಕಾರ್ಡಿಂಗ್ ಬಂದ್ ಮಾಡಲು ಹೇಳಿದರು. ಆಮೇಲೆ ಹೇಳಿದ್ದನ್ನು ನಾನು ಪುಸ್ತಕದಲ್ಲಿ ಹಾಕಿಲ್ಲ, ಇಲ್ಲೂ ಬರೆಯುವುದಿಲ್ಲ. ವಚನದಲ್ಲಿ 'ಕೊಲಬೇಡ' ಅನ್ನುವ ಎರಡನೇ ಮಾತು ಬಂದಾಗ ಅಪ್ಪನ ದನಿ ದಿನಾ ಸ್ವಲ್ಪ ಸಣ್ಣದಾಗುತ್ತಿತ್ತು ಅಂತ ಅವ್ವ ಹೇಳಿದ್ದನ್ನು ಮಾತ್ರ ಹಾಕಿದೆ.

ಉಳಿದ ಕೆಲಸ ಸುಲಭ. ಕಲಬುರಗಿಯ ಒಂದು ಪ್ರೆಸ್ಸಿನಲ್ಲಿ 32 ಪುಟ, 200 ಪ್ರತಿ. ಪತ್ರಗಳನ್ನು ಸ್ಕ್ಯಾನ್ ಮಾಡಿಸಿ ಅವರ ಕೈಬರಹದಲ್ಲೇ ಹಾಕಿಸಿದೆ. ಅಪ್ಪನ ದನಿ ಮಾತ್ರ ಎಲ್ಲೂ ಇಲ್ಲ. ಶರಣಬಸವೇಶ್ವರ ಜಾತ್ರೆಯಲ್ಲಿ ತೆಗೆದ ನಲವತ್ತು ಸೆಕೆಂಡಿನ ವಿಡಿಯೋ ಇದೆ. ದಾಸೋಹಕ್ಕೆ ತಂದ ಜೋಳದ ಚೀಲ ಇಳಿಸುತ್ತಾ "ಸರಿ, ಸರಿ" ಅನ್ನುತ್ತಾರೆ. ಅಷ್ಟೇ.

ಪುಣ್ಯಸ್ಮರಣೆಯ ದಿನ ಸಮಾಧಿಯ ಹತ್ತಿರ ಕುಳಿತು ನನ್ನ ಮಗಳು ಮೊದಲ ಪುಟ ಓದಿದಳು. 'ಅಜ್ಜ ದಿನಾ ಐದು ಗಂಟೆಗೆ ಏಳುತ್ತಿದ್ದರು.' ಅವ್ವ ಅಲ್ಲೇ ತಡೆದಳು. "ಐದಲ್ಲ ಯವ್ವಾ, ನಾಕೂವರಿ."

ಊಟವಾದ ಮೇಲೆ ನಾನು, ತಮ್ಮ, ಮಗಳು ಪೆನ್ನು ಹಿಡಿದು ಕುಳಿತೆವು. 200 ಪ್ರತಿಯಲ್ಲೂ 'ಐದು ಗಂಟೆ' ಹೊಡೆದು 'ನಾಲ್ಕೂವರೆ' ಅಂತ ಬರೆದೆವು. ಅವ್ವ ಒಂದೊಂದೇ ಪ್ರತಿ ತೆಗೆದುಕೊಂಡು, ತಿದ್ದಿದ್ದನ್ನು ನೋಡಿ, ಪಕ್ಕಕ್ಕೆ ಇಡುತ್ತಾ ಹೋದಳು.